ಸನ್‌ಸ್ಕ್ರೀನ್ ಒಣಗುವ ತನಕ

ಅವಳ ಮುಖ ಅವಳಿಗಿಂತ ಮುಂದೆ ಓಡುತ್ತಿತ್ತು. ಅವಳಿಗೆ ನಲವತ್ತು, ಮುಖಕ್ಕೆ ಆಗಲೇ ಐವತ್ತು. (ಸೊಂಟದ ವಯಸ್ಸು ಕೇಳಬೇಡಿ.) ದಿನಾ ತಾರಸಿಯಲ್ಲಿ ಮನೆಮಂದಿಯ ಬಟ್ಟೆ ಒಣಹಾಕುತ್ತ ಕೆನ್ನೆಯೂ ಜೊತೆಗೇ ಒಣಗಿ, ಕಂದು ಮಚ್ಚೆಗಳು ಬಿದ್ದಿದ್ದವು.

ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿ, "ಬಿಸಿಲಿಗೆ ಚರ್ಮಕ್ಕೆ ಬೇಗ ವಯಸ್ಸಾಗುತ್ತಮ್ಮ" ಎಂದರು.

"ಮನೆಯವರಿಂದ ಆಗೋ ವಯಸ್ಸಿಗೆ ಏನ್ಮಾಡೋದು ಡಾಕ್ಟ್ರೇ?"

"ಅದಕ್ಕಿನ್ನೂ ಕ್ರೀಮ್ ಬಂದಿಲ್ಲ" ಎಂದು ನಕ್ಕು ಸನ್‌ಸ್ಕ್ರೀನ್ ಬರೆದುಕೊಟ್ಟರು. "ಹಚ್ಚಿಕೊಂಡು ಕಾಲು ಗಂಟೆ ನೆರಳಲ್ಲಿ ಸುಮ್ಮನೆ ಕೂತಿರಿ. ಆಮೇಲೆ ಬಿಸಿಲಿಗೆ ಹೋಗಿ."

ಆಹಾ! 'ಸುಮ್ಮನಿರು' ಎಂದು ಅವಳಿಗೆ ಹೇಳಿದವರು ಬೇಕಾದಷ್ಟು ಜನ. 'ಸುಮ್ಮನೆ ಕೂತಿರು' ಎಂದವರು ಇವರೇ ಮೊದಲು.

ಮರುದಿನದಿಂದ ಬಾಲ್ಕನಿಯ ಕುರ್ಚಿಯಲ್ಲಿ ಬಿಳಿ ಮುಖದ ಮಹಾರಾಣಿ ವಿರಾಜಮಾನಳಾದಳು.

"ಹಾಲು ಉಕ್ತಾ ಇದೆ ಕಣೇ!" ಒಳಗಿನಿಂದ ಅತ್ತೆ.

"ಒಲೆ ಹತ್ರ ಬಂದ್ರೆ ಬೆವರಿ ಇಳಿದುಹೋಗುತ್ತೆ ಅತ್ತೆ. ಡಾಕ್ಟರ ಅಪ್ಪಣೆ!"

ಡಾಕ್ಟರ ಮಾತೆಂದರೆ ಅತ್ತೆಗೆ ವೇದವಾಕ್ಯ. ಒಲೆ ಆರಿಸಿದ ಸದ್ದು ಕೇಳಿಸಿತು. ಆಮೇಲೆ ಗಂಡ ಬಂದ.

"ಏನೇ, ನೀಲಿ ಶರ್ಟ್?"

"ಇನ್ನೂ ಒಣಗಿಲ್ಲ ರೀ."

"ನಿನ್ನೇನೇ ಒಗೆದಿದ್ದಲ್ವಾ?"

"ಶರ್ಟಲ್ಲ, ನಾನು."

ಮೋಡ ಕವಿದ ದಿನವೂ ಹಚ್ಚಿಕೊಂಡಳು. ಒಮ್ಮೆ ಸಂಜೆ ದೀಪ ಹಾಕಿದ ಮೇಲೂ ಹಚ್ಚಿಕೊಂಡು ಕೂತಳು.

"ಸೂರ್ಯ ಮುಳುಗಿ ಆಯ್ತಲ್ಲೇ!" ಎಂದ ಗಂಡ.

"ನಾಳೆ ಮತ್ತೆ ಹುಟ್ಟಲ್ವಾ?"

ಆ ಹೊತ್ತಿನಲ್ಲಿ ಅವಳು ಘನವಾದದ್ದೇನೂ ಯೋಚಿಸುತ್ತಿರಲಿಲ್ಲ. ಮದುವೆಗೆ ಮುಂಚೆ, ತಲೆಗೆ ನೀರು ಹಾಕಿಕೊಂಡ ದಿನ, ಕೂದಲು ಹರಡಿಕೊಂಡು ಕೂರುತ್ತಿದ್ದದ್ದು ನೆನಪಾಗುತ್ತಿತ್ತು, ಅಷ್ಟೇ. ಕೂದಲು ಒಣಗುವುದೇ ಆ ಮಧ್ಯಾಹ್ನದ ಕೆಲಸ. ಯಾರಾದರೂ ಕರೆದರೆ "ಬಂದೆ" ಎಂದು ಕೂಗಿ ಅಲ್ಲೇ ಕೂತಿರಬಹುದಿತ್ತು. ಆ ಹುಡುಗಿಯ ಮುಖಕ್ಕಿಂತ ಅವಳ ಆ ಸೋಮಾರಿತನದ ಮೇಲೇ ಇವಳಿಗೆ ಈಗ ಆಸೆ. ಇನ್ನೊಂದು ಸ್ವಲ್ಪ ಕೂತರೆ ಆ ಹುಡುಗಿಯೇ ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುತ್ತಾಳೆ ಅನ್ನಿಸುವಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು.

ಒಂದು ಭಾನುವಾರ ಗಂಡ ಎದುರಿಗೆ ಬಂದು ನಿಂತು ಅವಳ ಮುಖವನ್ನೇ ನೋಡಿದ. ಎಷ್ಟು ವರ್ಷವಾಗಿತ್ತು ಹಾಗೆ ನೋಡಿ! ಅವಳು ಮುಂಗುರುಳು ಸರಿಮಾಡಿಕೊಂಡಳು.

"ಮಚ್ಚೆ ಎಲ್ಲಾ ತಿಳಿಯಾಗಿದೆ. ಚೆನ್ನಾಗಿ ಕಾಣ್ತೀಯ ಕಣೇ" ಎಂದ. ಅವಳು ನಾಚಿಕೊಳ್ಳಲು ಹೊರಡುವಷ್ಟರಲ್ಲಿ ಮುಂದುವರಿಸಿದ: "ಪಾಪ, ಇದು ಒಣಗಲಿ ಅಂತ ದಿನಾ ಎಷ್ಟು ಹೊತ್ತು ಕಾಯ್ತೀಯ! ನನಗೆ ನೋಡೋಕಾಗಲ್ಲ."

ಬೆನ್ನ ಹಿಂದಿನಿಂದ ಹೊಳೆಯುವ ಡಬ್ಬಿಯೊಂದನ್ನು ತೆಗೆದ.

"ಹೊಸದು, ಸ್ಪ್ರೇ ಸನ್‌ಸ್ಕ್ರೀನು. ಹಚ್ಚೋ ಗೋಜಿಲ್ಲ, ಕಾಯೋ ಗೋಜಿಲ್ಲ. ಹೊಡ್ಕೊಂಡ ತಕ್ಷಣ ಎದ್ದು ಕೆಲಸ ಮಾಡ್ಕೋಬಹುದಂತೆ! ಕಣ್ಮುಚ್ಚು."

ಉಸ್ಸ್! ತಣ್ಣಗೆ ಹನಿಗಳು ಬಿದ್ದು, ಬಿದ್ದಲ್ಲೇ ಮಾಯವಾದವು.

"ಎಂಥಾ ಗಂಡ ಕಣೇ ನಿಂಗೆ!" ಬಾಗಿಲಲ್ಲಿ ನಿಂತಿದ್ದ ಅತ್ತೆ ಮಗನಿಗೆ ನೆಟಿಗೆ ಮುರಿದರು. "ಒಣಗಿತಾ?"

"ಒಣಗಿತು ಅತ್ತೆ."

ಗಂಡ ಬಗ್ಗಿ ನೋಡಿ ಗಾಬರಿಯಾದ. "ಕಣ್ಣಲ್ಲಿ ನೀರು ಬರ್ತಿದೆಯಲ್ಲೇ! ಒಳಗೆ ಬಿತ್ತಾ?"

"ಹೂಂ ರೀ. ಬಿತ್ತು."

"ಹೋಗಿ ತೊಳ್ಕೊ, ಉರಿ ಕಮ್ಮಿ ಆಗುತ್ತೆ" ಎಂದು ಬೆನ್ನು ತಟ್ಟಿದ. ಅವಳು ಎದ್ದು ಖಾಲಿಯಾದ ಕುರ್ಚಿಯಲ್ಲಿ ತಾನು ಕೂತು, ಕಾಲು ಚಾಚಿ, "ಹೇಗೂ ಒಳಗೆ ಹೋಗ್ತಿದ್ದೀಯಲ್ಲ, ಹಾಗೇ ಕಾಫಿಗಿಡು" ಎಂದ.