ರಸ್ತೆಗೆ ಬೆನ್ನು ಮಾಡಿದ ಬಸ್ ಸ್ಟಾಪನ್ನು ಹಾಗೆಯೇ ಬಿಡುವ ಬಗ್ಗೆ

ಇಂದ:
ಬಸವಮ್ಮ, ಬಿ.ಎ.,
ಹನೂರು ರಸ್ತೆ, ಕೊಳ್ಳೇಗಾಲ
(ಗುರುತು: ಮುನಿಸಿಕೊಂಡ ಸ್ಟಾಪಿನ ಎದುರು ಮನೆ)

ಗೆ:
ಬಸ್ ಸ್ಟಾಪುಗಳ ದಿಕ್ಕು ತೀರ್ಮಾನಿಸುವ ಅಧಿಕಾರಿಗಳು
(ಕಚೇರಿ ಯಾವುದೆಂದು ತಿಳಿದುಬಂದಿಲ್ಲ. ವಿಚಾರಿಸಲಾಗಿ ಪ್ರತಿ ಕಚೇರಿಯವರೂ ಪಕ್ಕದ ಕಚೇರಿಯನ್ನು ತೋರಿಸಿದ್ದಾರೆ.)

ವಿಷಯ: ಸದರಿ ಸ್ಟಾಪನ್ನು ಕೆಡವಿ ರಸ್ತೆಗೆ ಮುಖವಾಗಿ ಕಟ್ಟದಿರುವಂತೆ ಕೋರಿಕೆ.

ಉಲ್ಲೇಖ: ಸ್ಟಾಪಿನ ಹಿಂಗೋಡೆಗೆ ಅಂಟಿಸಿರುವ ತಮ್ಮ ತೆರವು ನೋಟಿಸು. (ಒಳಗೆ ಕೂತವರಿಗೆ ಅದು ಕಾಣದ ಕಾರಣ ಉತ್ತರ ತಡವಾಗಿದೆ.)

ಮಾನ್ಯರೇ,

೧. ಅರ್ಜಿದಾರಳ ಬಾಲ್ಯದಲ್ಲಿ ಈ ಬಡಾವಣೆಗೆ ಬೋರ್ಡಿರಲಿಲ್ಲ, ವಾಸನೆಯಿತ್ತು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡೊಂದು ಇಲ್ಲಿತ್ತು. ಬೆಂದ ಹುಳುವಿನ ಜಿಡ್ಡು ವಾಸನೆ ಕಿಟಕಿಯಲ್ಲಿ ನುಗ್ಗಿದ ಕೂಡಲೇ ಕಂಡಕ್ಟರು "ವಾಸ್ನೆ ಬಂತು, ಇಳಿಯೋರು ಇಳ್ಕಳಿ" ಎನ್ನುತ್ತಿದ್ದರು. ಮೂಗು ಮುಚ್ಚಿಕೊಂಡವರು ಪರವೂರಿನವರು, ಚೀಲ ಎತ್ತಿಕೊಂಡವರು ನಮ್ಮವರು. ಶೆಡ್ಡು ಮುಚ್ಚಿತು, ವಾಸನೆ ಹೋಯಿತು. ಆ ಕಾರಣ ಬಹುಕಾಲ ನೆಂಟರು ಇಳಿಯುವ ಜಾಗ ತಿಳಿಯದೆ ಕಾಮಗೆರೆಯವರೆಗೂ ಹೋಗಿ ವಾಪಸು ಬರುತ್ತಿದ್ದರು.

೨. ತದನಂತರ ಅದೇ ಜಾಗದಲ್ಲಿ ಬಸ್ ಸ್ಟಾಪು ಎದ್ದಿತು. ಗಾರೆ ಕೆಲಸದ ಪುಟ್ಟಮಾದಪ್ಪನವರು ಅದುವರೆಗೆ ಮನೆಗಳನ್ನು ಮಾತ್ರ ಕಟ್ಟಿದವರು. ಪಾಯ ತೆಗೆಯುವಾಗ ಅರ್ಜಿದಾರಳು ಗೇಟಿನಿಂದಲೇ, "ರಸ್ತೆ ಈ ಕಡೆ ಇದೆಯಲ್ಲಪ್ಪ" ಎಂದಳು.

"ರಸ್ತೆ ಎತ್ಲಾಗಾರ ಇರ್ಲಿ ಕಣವ್ವ, ಕಟ್ಟಡ ಅಂದ್ಮೇಲೆ ಮೂಡ್ಲಿಗೇ ಮುಖ ಮಾಡ್ಬೇಕು. ನಾಳೆ ಕುಂತೋರ್ಗೆ ಏನಾರ ಆದ್ರೆ ನನ್ ತಲೆ ಮೇಲೆ ಬತ್ತದೆ" ಎಂದರು.

ಆದ್ದರಿಂದ ಸ್ಟಾಪಿನ ಮುಖ ಹಿಪ್ಪುನೇರಳೆ ತೋಟಕ್ಕೂ ಬೆನ್ನು ರಸ್ತೆಗೂ ಆಗಿದೆ. ಜನ ಅದನ್ನು "ಮುನಿಸ್ಕಂಡಿರೋ ಸ್ಟಾಪು" ಎನ್ನುತ್ತಾರೆ. ಈಗ ನೆಂಟರು ಯಾರೂ ದಾರಿ ತಪ್ಪುವುದಿಲ್ಲ.

೩. ಒಳಗೆ ಕೂತವರಿಗೆ ಬಸ್ಸು ಕಾಣುವುದಿಲ್ಲವೆಂಬ ತಮ್ಮ ಆಕ್ಷೇಪಣೆ ನಿಜ. ಆದರೆ ಹೊರಗೆ ಗೋಡೆ ಪಕ್ಕ ಹೂ ಕಟ್ಟುತ್ತ ಕೂರುವ ಚಿಕ್ಕಬಸಮ್ಮನವರಿಗೆ ಕಾಣುತ್ತದೆ. "ಅನೂರು ಬಸ್ ಬಂತು, ಏಳ್ರವ್ವ. ಲೇ ರಾಣಿ, ನಿಂದಲ್ಲ, ಕೂತ್ಕೊ" ಎಂದು ಅವರು ಕೂಗುತ್ತಾರೆ. ಈ ಸೇವೆಗೆ ಅವರು ಏನನ್ನೂ ಪಡೆಯುವುದಿಲ್ಲ. ಬಸ್ಸು ತಪ್ಪಿಸಿಕೊಂಡವರನ್ನು ಬಯ್ಯುವ ಹಕ್ಕನ್ನು ಮಾತ್ರ ಉಳಿಸಿಕೊಂಡಿದ್ದಾರೆ.

೪. ಬಂಡಳ್ಳಿಯ ದೊಡ್ಡಸಿದ್ದಯ್ಯನವರ ಪತ್ನಿ ಕಾಮಗೆರೆಯಲ್ಲಿ ಆಸ್ಪತ್ರೆ ಸೇರಿದ್ದಾರೆ. ದೊಡ್ಡಸಿದ್ದಯ್ಯನವರು ಹಗಲು ಇಲ್ಲಿ ಕೂಲಿ ಮಾಡಿ ಸಂಜೆ ಅಲ್ಲಿಗೆ ಹೋಗುತ್ತಾರೆ. ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಆದಕಾರಣ ಮಧ್ಯಾಹ್ನ ಸ್ಟಾಪಿನೊಳಗೆ ನೀರು ಕುಡಿದು ಕೂರುತ್ತಿದ್ದರು. ಅರ್ಜಿದಾರಳ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಕೋಮಲ ಹತ್ತಿರದಲ್ಲೇ ಕೆಲಸ ಮಾಡುವವಳು, ಅಲ್ಲಿಯೇ ಊಟಕ್ಕೆ ಕೂರುವವಳು. ಒಂದು ದಿನ ಆಕೆ, "ನಮ್ಮವ್ವ ಜಾಸ್ತಿ ಕಟ್ಬುಟ್ಟದೆ ತಾತ, ವಾಪಸ್ ತಕಂಡೋದ್ರೆ ಬಯ್ತದೆ" ಎಂದು ಒಂದು ಡಬ್ಬಿ ಸರಿಸಿದಳು. ಕೋಮಲಳ ತಾಯಿ ಇರುವುದು ಮಾಂಬಳ್ಳಿಯಲ್ಲಿ; ಅಡುಗೆ ಕೋಮಲಳದೇ. ಈ ಅಂಶವನ್ನು ಕಚೇರಿಯು ಗೋಪ್ಯವಾಗಿಡತಕ್ಕದ್ದು.

ದೊಡ್ಡಸಿದ್ದಯ್ಯನವರು ಡಬ್ಬಿ ಮುಟ್ಟಲಿಲ್ಲ. "ಬಸ್ನಲ್ಲಿ ನಮ್ಮೂರೋರು ಓಯ್ತಿರ್ತಾರೆ ಕಣವ್ವ. ಕಂಡೋರ ಮುದ್ದೆ ಉಣ್ತಾವ್ನೆ ಅಂತ ಮಲಗಿರೋಳ ಕಿವಿಗೆ ಬಿದ್ರೆ, ಅವ್ಳೂ ಉಣ್ಣಾದು ಬುಟ್ಬುಡ್ತಾಳೆ" ಎಂದರು.

"ಗೋಡೆ ಅದೆಯಲ್ಲ ತಾತ" ಎಂದಳು ಕೋಮಲ.

ಅವರು ಎದ್ದು, ರಸ್ತೆಗೆ ಹೋಗಿ ನಿಂತು ಒಳಗಿನದು ಕಾಣುವುದೋ ಎಂದು ನೋಡಿ, ಬಂದು ಉಂಡರು. ಅಂದಿನಿಂದ ದಿನವೂ ಉಣ್ಣುತ್ತಿದ್ದಾರೆ. ಸ್ಟಾಪು ರಸ್ತೆಗೆ ತಿರುಗಿದಲ್ಲಿ ಉಣ್ಣುವುದಿಲ್ಲ. ಇದು ಅರ್ಜಿದಾರಳ ಊಹೆಯಲ್ಲ, ಅವರನ್ನೇ ಕೇಳಲಾಗಿದೆ.

೫. ಕಳೆದ ವಾರ ತೆರವಿನ ಗುರುತು ಹಾಕಲು ತಮ್ಮ ಸಿಬ್ಬಂದಿ ಶಾಂತರಾಜುರವರು ಕೆಂಪು ಬಣ್ಣ ಹಿಡಿದು ಬಂದರು. ಊಟದ ಹೊತ್ತು.

"ಊಟ ಆಯ್ತಾ ಸಾ?" ಎಂದರು ದೊಡ್ಡಸಿದ್ದಯ್ಯನವರು.

"ಆಯ್ತು, ಆಯ್ತು" ಎಂದರು ಶಾಂತರಾಜುರವರು, ಮುದ್ದೆಯನ್ನು ನೋಡುತ್ತ.

ದೊಡ್ಡಸಿದ್ದಯ್ಯನವರು ಮುದ್ದೆ ಮುರಿದು, ಮುಚ್ಚಳದಲ್ಲಿಟ್ಟು, ಸಾರು ಬಿಟ್ಟು ಅತ್ತ ಸರಿಸಿ, ತಾವು ತೋಟದ ಕಡೆ ತಿರುಗಿ ಕೂತರು. ಶಾಂತರಾಜುರವರು ಉಂಡು, ಕೈ ತೊಳೆದು, ಗೋಡೆಗೆ ಕೆಂಪು ಗುರುತನ್ನು ಹಾಕಿಯೇ ಹಾಕಿದರು. "ನನ್ ಕೆಲ್ಸ ಕಣ್ರಿ, ಬೇಜಾರ್ ಮಾಡ್ಕಬೇಡಿ" ಎಂದರು. ಹೋಗುವಾಗ ಅರ್ಜಿದಾರಳ ಗೇಟಿನ ಬಳಿ ನಿಂತು, "ಒಂದ್ ಅರ್ಜಿ ಬರ್ದಾಕಿ ಅಮ್ಮ. ತೀರ್ಮಾನ ಆಗೋಗಂಟ ಯಾರೂ ಮುಟ್ಟಂಗಿಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಆ ಕಾರಣ ಈ ಅರ್ಜಿ.

ಆದ್ದರಿಂದ, ಸದರಿ ಸ್ಟಾಪನ್ನು ಇದ್ದ ದಿಕ್ಕಿನಲ್ಲೇ ಬಿಡಬೇಕಾಗಿ ಕೋರಿದೆ. ನಿಯಮ ಒಪ್ಪದಿದ್ದಲ್ಲಿ, ದೊಡ್ಡಸಿದ್ದಯ್ಯನವರ ಪತ್ನಿ ಗುಣವಾಗಿ ಮನೆಗೆ ಬಂದು ಒಲೆ ಹಚ್ಚುವವರೆಗೆ ಈ ಅರ್ಜಿಯನ್ನು ಕಚೇರಿಗಳ ವಾಡಿಕೆಯಂತೆ ಪರಿಶೀಲನೆಯಲ್ಲೇ ಇಟ್ಟಿರಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿಯೂ ಸ್ಟಾಪಿನ ಎದುರು ಮನೆಯವಳೂ ಆದ,
ಬಸವಮ್ಮ

ಲಗತ್ತುಗಳು:
೧. ತಮ್ಮ ನೋಟಿಸಿನ ನಕಲು.
೨. ಚಿಕ್ಕಬಸಮ್ಮನವರ ಹೆಬ್ಬೆಟ್ಟು, ಕೋಮಲಳ ಸಹಿ.
೩. ಊಟದ ಡಬ್ಬಿ, ಒಂದು. ಮುದ್ದೆ, ಅವರೆಕಾಳು ಸಾರು. ಇದು ಲಂಚವಲ್ಲ, ಉಪ್ಪು ಸ್ವಲ್ಪ ಕಡಿಮೆಯಿದೆ.

ವಿ.ಸೂ.: ಅರ್ಜಿಯನ್ನು ದೊಡ್ಡಸಿದ್ದಯ್ಯನವರೇ ತರುತ್ತಿರುವುದರಿಂದ ನಾಲ್ಕನೆಯ ಅಂಶವನ್ನು ಗಟ್ಟಿಯಾಗಿ ಓದಬಾರದು. ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟು, ತಮಗೆ ಬೆನ್ನು ಮಾಡಿ ನಿಲ್ಲುತ್ತಾರೆ. ತಪ್ಪು ತಿಳಿಯಬಾರದು. ತಾವು ಉಂಡು ಮುಗಿಸುವವರೆಗೆ ಅವರು ತಮ್ಮತ್ತ ತಿರುಗುವುದಿಲ್ಲ.