ಬೇಲಿಯ ಒಂದು ಬದಿ

ದೊಡ್ಡಿಯೊಳಗಿರುವ ಫೆಸೆಂಟ್ ಸಾಕುಹಕ್ಕಿ, ದೊಡ್ಡಿಯಿಂದ ಹೊರಬಿದ್ದ ಫೆಸೆಂಟ್ ಕಾಡುಹಕ್ಕಿ. ಮೊದಲನೆಯದಕ್ಕೆ ಗುಂಡು ಹೊಡೆದರೆ ಕಟುಕತನ, ಎರಡನೆಯದಕ್ಕೆ ಹೊಡೆದರೆ ಕ್ರೀಡೆ. ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಕ್ರಂಪ್ಲಿ ಗುಡ್ಡದ ಶೂಟಿಂಗ್ ಕ್ಲಬ್ಬಿನ ನಿಯಮಾವಳಿಯ ಮೊದಲ ಪುಟದಲ್ಲಿ ಇದನ್ನು ಸ್ಪಷ್ಟವಾಗಿ ಮುದ್ರಿಸಲಾಗಿದ್ದು, ಈವರೆಗೆ ಯಾವ ಫೆಸೆಂಟೂ ಆಕ್ಷೇಪಣೆ ಸಲ್ಲಿಸಿರಲಿಲ್ಲ.

ಕ್ಲಬ್ಬಿನ ಕೀಪರ್ ಆಲ್ವಿನ್ ಟ್ರಾಂಟರ್. ಮರಿಗಳನ್ನು ತರಿಸಿ ದೀಪದ ಕಾವಿನಲ್ಲಿ ಸಾಕುವುದು, ಏಳು ವಾರ ತುಂಬಿದ ಮೇಲೆ ಕಾಡಂಚಿನ ಬಿಡುಗಡೆ ದೊಡ್ಡಿಗೆ ಸಾಗಿಸುವುದು, ಅಲ್ಲಿಂದ ಅವು ಮೆಲ್ಲಗೆ ಕಾಡು ಸೇರಿ, ಬೇಟೆಯ ಕಾಲ ಆರಂಭವಾಗುವ ಅಕ್ಟೋಬರ್ ಒಂದರಂದು ಕೋವಿಗಳ ತಲೆಮೇಲೆ ಎತ್ತರದಲ್ಲಿ ಹಾರುವಂತೆ ನೋಡಿಕೊಳ್ಳುವುದು ಅವನ ಕೆಲಸ. ಕೋವಿ ಎಂದರೆ ಅಲ್ಲಿ ಬಂದೂಕವಲ್ಲ, ಬಂದೂಕ ಹಿಡಿದ ಸದಸ್ಯ. ಆ ಕಡೆ ಹಾಗೇ ಕರೆಯುವುದು. ಕ್ಲಬ್ಬಿನಲ್ಲಿ ಎಂಟು ಕೋವಿಗಳಿದ್ದವು. ಎರಡಕ್ಕೆ ಮಂಡಿನೋವು, ಒಂದಕ್ಕೆ ಕಿವಿ ಮಂದ. ಕ್ಯಾಪ್ಟನ್ ಕೋವಿ ಶ್ರೀಮತಿ ಔಥ್‌ವೇಟ್, ಊರಿನ ಹಲ್ಲಿನ ಡಾಕ್ಟರು. ಕಾರ್ಯದರ್ಶಿ ಕೋವಿ ಪಿಂಬ್ಲೆಟ್, ನಿವೃತ್ತ ವಕೀಲರು.

ಆಲ್ವಿನ್ ಮತ್ತವನ ಹೆಂಡತಿ ಡೊರೀನ್ ಇಪ್ಪತ್ತಾರು ವರ್ಷ ಬಾಳಿದ ಮನೆ ಕ್ಲಬ್ಬಿನದು. ಕರಾರಿನ ಪ್ರಕಾರ, ಆರಂಭದ ದಿನ ‘ಕಾಡಿನಿಂದ ಎದ್ದ ಕನಿಷ್ಠ ನೂರು ಹಕ್ಕಿ ಕೋವಿಗಳ ಮೇಲೆ ಹಾದುಹೋಗತಕ್ಕದ್ದು.’ ಹಿಂದಿನ ವರ್ಷ ಹಾದುಹೋದದ್ದು ತೊಂಬತ್ತೇಳು. ಮೂರು ಕಾಗೆ ಸೇರಿಸಿದರೆ ನೂರಾಗುತ್ತದೆಂದು ಆಲ್ವಿನ್ ವಾದಿಸಿದ್ದ. ಪಿಂಬ್ಲೆಟ್ ಕಾಗೆಗಳ ಬಗ್ಗೆ ತಮಗೆ ವೈಯಕ್ತಿಕ ದ್ವೇಷವಿಲ್ಲವೆಂದು ದಾಖಲಿಸಿ, ಈ ವರ್ಷವೂ ಕಡಿಮೆಯಾದರೆ ಕ್ರಿಸ್‌ಮಸ್ಸಿಗೆ ಮುಂಚೆ ಮನೆ ಖಾಲಿ ಮಾಡಬೇಕೆಂದು ಪತ್ರ ಕೊಟ್ಟರು. ಖಾಲಿ ಮಾಡುವುದು ಹೇಳಿದಷ್ಟು ಸುಲಭವಲ್ಲ. ಮಹಡಿಯ ಬಟ್ಟೆ ಬೀರುವನ್ನು ಕೋಣೆಯೊಳಗೇ ಜೋಡಿಸಿದ್ದರು, ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಅದು ಇಳಿಯುವುದಿಲ್ಲ.

“ಬೀರು ಬಿಟ್ಟು ನಾನೆಲ್ಲೂ ಬರಲ್ಲ. ನೀನು ಬೇಕಾದ್ರೆ ಹೋಗು” ಎಂದಳು ಡೊರೀನ್.

ಆದ್ದರಿಂದ ಆಲ್ವಿನ್ ಈ ಸಲ ದೊಡ್ಡಿಯನ್ನು ಜೀವ ತೇದು ಕಟ್ಟಿದ. ಆರಡಿ ಎತ್ತರದ ತಂತಿಬಲೆ. ನರಿ ತೋಡದಂತೆ ಬಲೆಯ ಬುಡವನ್ನು ಹೊರಕ್ಕೆ ಮಡಚಿ ನೆಲಕ್ಕೆ ಗೂಟ ಹೊಡೆದ. ಸುತ್ತಲೂ ಕರೆಂಟಿನ ತಂತಿ ಎಳೆದ. ಮೇಲ್ಭಾಗ ಬಯಲು, ಹಾರಬಲ್ಲ ಹಕ್ಕಿ ಹೊರಹೋಗಬಹುದು. ಹೋದ ಹಕ್ಕಿಗೆ ಮರಳಬೇಕೆನಿಸಿದರೆ ನೆಲದ ಮಟ್ಟದಲ್ಲಿ ಆಲಿಕೆಯಾಕಾರದ ಕಿಂಡಿಗಳು, ಹಕ್ಕಿ ನುಗ್ಗುವಷ್ಟು ದೊಡ್ಡವು, ನರಿ ನುಗ್ಗಲಾಗದಷ್ಟು ಚಿಕ್ಕವು. ಒಳಗೆ ಪೊದೆಗಳು, ಕೂರಲು ಕೊಂಬೆಗಳು, ಮಳೆಗೆ ತಗಡಿನ ಸೂರು. ದಿನಾ ಬೆಳಿಗ್ಗೆ ಎಂಟಕ್ಕೂ ಸಂಜೆ ನಾಲ್ಕಕ್ಕೂ ಸೀಟಿ ಊದಿ ಗೋಧಿ ಎರಚಿದ.

ಸೆಪ್ಟೆಂಬರಿನಲ್ಲಿ ಹಕ್ಕಿಗಳು ನಿಯಮಾನುಸಾರ ಹಾರಿ ಹೊರಬಂದವು. ಶ್ರಾಪ್‌ಶೈರಿನ ಮಳೆಯಲ್ಲಿ ಹತ್ತು ನಿಮಿಷ ನಿಂತು ಸ್ವಾತಂತ್ರ್ಯವನ್ನು ಪರಿಶೀಲಿಸಿದವು. ಆಮೇಲೆ ಸಾಲಾಗಿ ಕಿಂಡಿಯೊಳಗೆ ನುಗ್ಗಿ ಸೂರಿನ ಕೆಳಗೆ ನಿಂತವು. ಇಪ್ಪತ್ತನೇ ತಾರೀಖಿನ ಎಣಿಕೆಯಂತೆ ಒಳಗೆ ಸಾವಿರದ ಇನ್ನೂರು, ಹೊರಗೆ ಒಂದು. ಆ ಒಂದು ಬಿಳಿ ಹೇಂಟೆ. ಬಿಳಿ ಹೇಂಟೆಗೆ ಗುಂಡು ಹೊಡೆದವರು ವರ್ಷವಿಡೀ ಚರ್ಚಿನ ಗಂಟೆಯ ಹಗ್ಗ ಎಳೆಯಬೇಕೆಂಬುದು ಕ್ಲಬ್ಬಿನ ಹಳೆಯ ಕಟ್ಟಳೆ. ಹೀಗಾಗಿ ಕಾಡಿನಲ್ಲಿ ಲಭ್ಯವಿದ್ದ ಒಟ್ಟು ಬೇಟೆ ಒಂದು, ಹೊಡೆಯಬಹುದಾದದ್ದು ಸೊನ್ನೆ.

ಪಬ್ಬಿನ ಹಿಂದಿನ ಕೋಣೆಯಲ್ಲಿ ತುರ್ತುಸಭೆ ಸೇರಿತು.

“ಕಿಂಡಿ ಮುಚ್ಚಿಬಿಟ್ರೆ ವಾಪಸ್ ಬರೋಕಾಗಲ್ಲ ಸಾರ್” ಎಂದ ಆಲ್ವಿನ್.

“ಇಪ್ಪತ್ತೆಂಟು ದಿನದ ನೋಟಿಸು ಕೊಡ್ಬೇಕು” ಎಂದರು ಪಿಂಬ್ಲೆಟ್.

“ಯಾರಿಗೆ ಸಾರ್?”

“ಬಳಕೆದಾರರಿಗೆ.”

ಆಮೇಲೆ, ಕಿಂಡಿಯೊಳಗೆ ಅರ್ಧ ನುಗ್ಗಿ ನಿಂತ ಹಕ್ಕಿಯ ಸ್ಥಾನಮಾನವೇನು ಎಂಬ ಪ್ರಶ್ನೆ ಎದ್ದಿತು. ಎರಡು ಗಂಟೆ ಚರ್ಚಿಸಿ, ಹಕ್ಕಿಯ ಹೊಟ್ಟೆ ಎಲ್ಲಿದೆಯೋ ಹಕ್ಕಿ ಅಲ್ಲಿದೆ ಎಂದು ತೀರ್ಮಾನಿಸಲಾಯಿತು. ಇದರಿಂದ ಸಂಖ್ಯೆಯಲ್ಲಿ ಬದಲಾವಣೆಯಾಗಲಿಲ್ಲ.

ಕೊನೆಗೆ ಶ್ರೀಮತಿ ಔಥ್‌ವೇಟ್ ಅಧ್ಯಕ್ಷತೆಯಲ್ಲಿ ಒಂದು ಭಯೋತ್ಪಾದನಾ ಉಪಸಮಿತಿ ನೇಮಕವಾಯಿತು. ಹಕ್ಕಿಗಳಿಗೆ ಮನುಷ್ಯರ ಬಗ್ಗೆ ಹೆದರಿಕೆ ಹುಟ್ಟಿಸಿ ಕಾಡಿಗೆ ಅಟ್ಟುವುದು ಅದರ ಉದ್ದೇಶ. ಕೋವಿಗಳು ಸರದಿಯ ಮೇಲೆ ಬಂದು ದೊಡ್ಡಿಯೊಳಗೆ ಕಿರುಚಿದವು, ತಟ್ಟೆ ಬಡಿದವು, ಕೊಡೆ ಬಿಚ್ಚಿ ಮುಚ್ಚಿದವು. ಹಕ್ಕಿಗಳು ಇದು ಊಟದ ಹೊಸ ಪದ್ಧತಿ ಎಂದು ತಿಳಿದು ಕೋವಿಗಳ ಸುತ್ತ ನೆರೆದು ಜೇಬು ಕುಕ್ಕಿ ನೋಡಿದವು.

“ನನ್ನ ಮುಖ ನೋಡಿದ್ರೆ ಇಡೀ ಊರೇ ಬೆವರುತ್ತೆ, ಇವಕ್ಕೇನು ಬಂದಿದೆ?” ಎಂದರು ಶ್ರೀಮತಿ ಔಥ್‌ವೇಟ್.

“ಅವಕ್ಕೆ ಹಲ್ಲಿಲ್ಲ ಮೇಡಂ” ಎಂದ ಆಲ್ವಿನ್.

ಉಪಸಮಿತಿಯ ವರದಿಯಲ್ಲಿ ಇದನ್ನೇ ವೈಫಲ್ಯದ ಕಾರಣವೆಂದು ನಮೂದಿಸಲಾಯಿತು.

ಆಲ್ವಿನ್ ಸೋತುಹೋದ. ಹಕ್ಕಿ ಹೊರಡದಿದ್ದರೆ ಮನೆ ಹೋಗುತ್ತದೆ, ಹೊರಟರೆ ಹಕ್ಕಿ ಹೋಗುತ್ತದೆ. ಅಂಗೈಯಲ್ಲಿ ಹಿಡಿದು ನೀರು ಕುಡಿಸಿದ ಮರಿಗಳವು. ಅವನಿಗೆ ಎರಡೂ ಬೇಕಾಗಿತ್ತು, ಹಾಗೆಂದು ಯಾರ ಎದುರಿಗೂ ಹೇಳುವಂತಿರಲಿಲ್ಲ. ಅಡುಗೆಮನೆಯಲ್ಲಿ ಡೊರೀನ್ ಎದುರಿಗೆ ಹೇಳಿದ.

“ಸಾಕಿದ್ದು ಸಾಕು ಸುಮ್ನಿರು” ಎಂದು ಅವಳು ಬಾಣಲೆ ಕುಕ್ಕಿದಳು. “ಅವು ಹೊರಗೆ ಬರಲ್ಲ, ಬರಲ್ಲ ಅಂತ ಬಡ್ಕೋತೀಯಲ್ಲ, ಬೇಲಿಗೆ ಒಳಗ್ಯಾವುದು ಹೊರಗ್ಯಾವುದು ಅಂತ ನಿಮ್ಮ ಪಿಂಬ್ಲೆಟ್ ಎಲ್ಲಾದ್ರೂ ಬರೆದಿದ್ದಾನಾ?”

ಆಲ್ವಿನ್ ಹೋಗಿ, ಏಕವಚನವನ್ನು ಬಹುವಚನ ಮಾಡಿ, ಅದನ್ನೇ ಪಿಂಬ್ಲೆಟ್‌ರನ್ನು ಕೇಳಿದ. ಪಿಂಬ್ಲೆಟ್ ಕನ್ನಡಕ ಒರೆಸಿಕೊಂಡು ನಿಯಮಾವಳಿ ತೆಗೆದರು. ‘ದೊಡ್ಡಿ ಎಂದರೆ ಬೇಲಿಯ ಒಂದು ಬದಿ’ ಎಂದಿತ್ತು. ಯಾವ ಬದಿ ಎಂದಿರಲಿಲ್ಲ. ಅವರ ಮುಖದಲ್ಲಿ ಅಂಥ ಸಂತೋಷವನ್ನು ಆಲ್ವಿನ್ ಅದಕ್ಕೆ ಮೊದಲು ಕಂಡಿರಲಿಲ್ಲ. ಮರುದಿನ ಚರ್ಚಿನ ಬಾಗಿಲಿಗೆ ಕಾಗದ ಅಂಟಿತು.

“ಪ್ರಕಟಣೆ. ಅಕ್ಟೋಬರ್ ಒಂದರ ಬೆಳಿಗ್ಗೆ ಒಂಬತ್ತರಿಂದ ಜಾರಿಗೆ ಬರುವಂತೆ, ಬೇಲಿಯ ಯಾವ ಬದಿಯಲ್ಲಿ ಹಕ್ಕಿಗಳಿವೆಯೋ ಅದನ್ನು ಕಾಡೆಂದೂ, ಉಳಿದ ಬದಿಯನ್ನು ದೊಡ್ಡಿಯೆಂದೂ ಪರಿಗಣಿಸತಕ್ಕದ್ದು. ದೊಡ್ಡಿಯೊಳಗೆ ಸೇರಿಹೋಗಿರುವ ಚರ್ಚು, ಪಬ್ಬು, ಅಂಚೆ ಕಚೇರಿ ಹಾಗೂ ಸುತ್ತಲ ಹನ್ನೊಂದು ಊರುಗಳ ನಿವಾಸಿಗಳು ಗಾಬರಿಯಾಗಬಾರದು. ದೊಡ್ಡಿಯೊಳಗಿನ ಸಕಲ ಜೀವಿಗಳ ಆಹಾರ, ನೀರು ಮತ್ತು ಆಶ್ರಯ ಎಂದಿನಂತೆ ಕೀಪರನ ಹೊಣೆ.”

ಯಾರೂ ಗಾಬರಿಯಾಗಲಿಲ್ಲ. ನೀರನ್ನು ದಿನಾ ಬದಲಾಯಿಸುತ್ತಾರೋ ಎಂದು ಪಾದ್ರಿಗಳು ಮಾತ್ರ ವಿಚಾರಿಸಿದರು.

ಅಕ್ಟೋಬರ್ ಒಂದು ಬಂತು. ಎಂಟು ಕೋವಿಗಳು ದೊಡ್ಡಿಯಲ್ಲಿ, ಅಂದರೆ ಬೇಲಿಯ ಆಚೆಗಿನ ಹುಲ್ಲುಗಾವಲಿನಲ್ಲಿ, ಸಾಲಾಗಿ ನಿಂತವು. ಆಲ್ವಿನ್ ಕಾಡಿನೊಳಗೆ, ಅಂದರೆ ತಗಡಿನ ಸೂರಿನ ಹಿಂದೆ, ಕೋಲು ಹಿಡಿದು ನಿಂತ. ಕಣ್ಣು ಮುಚ್ಚಿ ಪೊದೆಗಳನ್ನು ಬಡಿದ.

ಸಾವಿರದ ಇನ್ನೂರು ಹಕ್ಕಿ ಒಮ್ಮೆಲೇ ಎದ್ದು, ಬೇಲಿ ದಾಟಿ, ಕೋವಿಗಳ ಮೇಲೆ ಹಾರಿದವು. ಎಂಟು ಬಂದೂಕಗಳು ಮೇಲಕ್ಕೆ ತಿರುಗಿದವು.

“ನಿಲ್ಸಿ! ಹೊಡೀಬೇಡಿ!” ಎಂದು ಪಿಂಬ್ಲೆಟ್ ಚೀರಿದರು. “ಬೇಲಿ ದಾಟಿದ್ವು! ದೊಡ್ಡಿಗೆ ಬಂದ್ಬಿಟ್ವು! ಈಗವು ಸಾಕುಹಕ್ಕಿ!”

“ಹಾರ್ತಾ ಇವೆಯಲ್ರೀ!” ಎಂದರು ಶ್ರೀಮತಿ ಔಥ್‌ವೇಟ್.

“ಹೊಟ್ಟೆ ನೋಡಿ ಮೇಡಂ, ಹೊಟ್ಟೆ! ಹೊಟ್ಟೆ ಎಲ್ಲಿದೆ?”

ಹೊಟ್ಟೆ ನಿಸ್ಸಂದೇಹವಾಗಿ ಅವರ ತಲೆಯ ಮೇಲಿತ್ತು. ಬಂದೂಕಗಳು ಕೆಳಗಿಳಿದವು. ಕಿವಿ ಮಂದದ ಕೋವಿಗೆ ಪಕ್ಕದ ಕೋವಿ ಸನ್ನೆ ಮಾಡಿ ತಿಳಿಸಿತು. ಹಕ್ಕಿಗಳು ಹುಲ್ಲುಗಾವಲಿನಲ್ಲಿ ಇಳಿದು, ಮಳೆ ನೋಡಿ, ಕಿಂಡಿಗಳ ಮೂಲಕ ನಡೆದು ಕಾಡು ಸೇರಿದವು.

ಸ್ಥಳದಲ್ಲೇ ಸಭೆ ಸೇರಿ ನಡಾವಳಿ ಬರೆಯಲಾಯಿತು. ಕಾಡಿನಿಂದ ಎದ್ದು ಕೋವಿಗಳ ಮೇಲೆ ಹಾದುಹೋದ ಹಕ್ಕಿ ಸಾವಿರದ ಇನ್ನೂರು, ಕ್ಲಬ್ಬಿನ ಇತಿಹಾಸದಲ್ಲೇ ದಾಖಲೆ. ಒಬ್ಬ ಸದಸ್ಯರ ಗುರಿಯೂ ತಪ್ಪಲಿಲ್ಲ, ಇದೂ ದಾಖಲೆ. ಕೀಪರನ ಮನೆಯ ಕರಾರನ್ನು ಅವನ ಆಯುಷ್ಯಪರ್ಯಂತ ಮುಂದುವರಿಸಲಾಯಿತು. ಇಷ್ಟು ಒಳ್ಳೆಯ ಆರಂಭದ ದಿನವನ್ನು ತಾವು ಕಂಡೇ ಇರಲಿಲ್ಲವೆಂದು ಮಂಡಿನೋವಿನ ಕೋವಿಗಳೆರಡೂ ಹೇಳಿದವು.

ಗಂಟೆ ನಾಲ್ಕಾಯಿತು. ಆಲ್ವಿನ್ ರೂಢಿಯಂತೆ ಸೀಟಿ ಊದಿದ.

ಎಂಟು ಕೋವಿಗಳು ತಲೆ ಎತ್ತಿ ನೋಡಿದವು. ಬೆಳಗಿನಿಂದ ನೆನೆದಿದ್ದವು, ಹಸಿದಿದ್ದವು, ಪ್ರಕಟಣೆಯನ್ನೂ ಓದಿದ್ದವು. ಒಂದರ ಹಿಂದೆ ಒಂದು ಹುಲ್ಲುಗಾವಲು ದಾಟಿ ಆಲ್ವಿನ್ ಮನೆಯ ಸೂರಿನ ಕೆಳಗೆ ಬಂದು ನಿಂತವು. ಡೊರೀನ್ ಏನೂ ಕೇಳದೆ ಎಂಟು ತಟ್ಟೆಗೆ ಕುರಿಮಾಂಸದ ಸಾರು ಬಡಿಸಿದಳು. ಮರುದಿನ ನಾಲ್ಕಕ್ಕೂ ಬಂದವು. ಮೂರನೆಯ ದಿನ ಸೀಟಿಗೆ ಐದು ನಿಮಿಷ ಮೊದಲೇ ಬಂದವು. ಬಿಳಿ ಹೇಂಟೆ ಹೊಸಿಲ ಮೇಲೆ ಕೂತು ಕೋವಿಗಳ ಬೂಟಿನ ಮಣ್ಣು ಕೆದಕಿತು.

“ಬಾಗ್ಲು ಹಾಕಿದ್ಯಾ?” ಬೀರುವಿಗೆ ಬಟ್ಟೆ ಇಡುತ್ತಿದ್ದ ಡೊರೀನ್ ಮಹಡಿಯಿಂದ ಕೂಗಿದಳು.

ಊಟ ಮುಗಿಸಿದ ಕೋವಿಗಳ ಕಾರುಗಳು ಊರಿನ ಕಡೆ ತಿರುವಿನಲ್ಲಿ ಮರೆಯಾಗುತ್ತಿದ್ದವು. ಆಲ್ವಿನ್ ದೊಡ್ಡಿಯ ಬಾಗಿಲ ಚಿಲಕ ಹಾಕಿ, ಎಳೆದು ನೋಡಿದ.

“ಹಾಕ್ದೆ. ಎಂಟೂ ಒಳಗಿವೆ.”