ಹೂಸ್ಟನ್ ಘರಾಣೆಯ ಗಾಂಧಾರ

ನಮ್ಮ ಭಾವನವರಿಗೆ ಹುಚ್ಚು ಹಿಡಿದಿದೆ ಎಂದು ಜನ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು! ಅವರೇ ಹುಚ್ಚನ್ನು ಹಿಡಿದುಕೊಂಡು ಕೂತಿದ್ದಾರೆ. ಪಾಪ, ಅದು ಬಿಡಿಸಿಕೊಂಡು ಓಡಲು ದಾರಿ ನೋಡುತ್ತಿದೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಧಾರವಾಡದವರು. ಈಗ ಅಮೆರಿಕದಲ್ಲಿ, ಡಾಲಸ್ ಪಕ್ಕದ ರಿಚರ್ಡ್‌ಸನ್ನಿನ ಟೆಲಿಕಾಂ ಕಂಪನಿಯೊಂದರಲ್ಲಿ ಎಂಜಿನಿಯರ್. ಉಳಿದ ಹೊತ್ತೆಲ್ಲ ಹಿಂದೂಸ್ತಾನಿ ಪಿಟೀಲು. ಶ್ರುತಿಯ ವಿಷಯದಲ್ಲಿ ದಯೆ ದಾಕ್ಷಿಣ್ಯ ಇಲ್ಲ. ಆಸ್ಟಿನ್ ಹತ್ತಿರ ರೌಂಡ್ ರಾಕ್‌ನ ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಹೆಂಗಸರು ಆರತಿ ಹಾಡುತ್ತಿದ್ದರೆ, "ನಿಲ್ರಿ! ನಿಷಾದ ಕೆಳಗ ಬಿತ್ತು!" ಎಂದು ತಡೆದವರು. ದೇವರು ಕಾದ, ಕರ್ಪೂರ ಕಾಯಲಿಲ್ಲ!

ವಾಟ್ಸ್ಯಾಪ್ ನಮ್ಮ ಮನೆಗಳಿಗೆ ಆಗತಾನೆ ಕಾಲಿಟ್ಟಿದ್ದ ದಿನಗಳು. ಒಂದು ಭಾನುವಾರ ನಾನು ಹಾಲು ಕಾಯಿಸುತ್ತಿದ್ದಾಗ ಡಾಲಸ್‌ನಿಂದ ಭಾವನ ಫೋನು.

"ತಂಗಿ, ಬಿಲಾವಲ್ ರಾಗ ಸಿಕ್ತವಾ!"

"ಎಲ್ಲಿ ಕಳೆದುಹೋಗಿತ್ತು ಭಾವ?"

"ನಗಬ್ಯಾಡ. ನಿನ್ನೆ ಇಲ್ಲೊಂದು ಕೊಟ್ಟಿಗ್ಯಾಗ ಟೊಪಿಗಿ ಹಾಕ್ಕೊಂಡ ಮುದುಕರು ಫಿಡಲ್ ಬಾರಿಸ್ಲಿಕ್ಕೆ ಹತ್ತಿದ್ರು. ಮೊದಲನೇ ತುಂಡು ಕೆಳಗಿನ ತಂತಿಗೆ, ಎರಡನೇದು ಮ್ಯಾಲೆ ಹಾರತದ. ಸ್ಥಾಯಿ, ಅಂತರಾ! ಥೇಟ್ ನಮ್ಮ ಬಂದಿಶ್!"

ಹಾಲು ಉಕ್ಕಿತು. ನಾನು ಒಲೆ ಒರೆಸಿ ಮುಗಿಸಿದರೂ ಭಾವ ಇನ್ನೂ ಉಕ್ಕುತ್ತಲೇ ಇದ್ದರು.

ಸಂಗೀತ ನಡೆಯುವ ಜಾಗವಲ್ಲವೇ? ಬೂಟು ಹೊರಗೆ ಬಿಟ್ಟೇ ಕೊಟ್ಟಿಗೆಗೆ ಹೋಗಿದ್ದರಂತೆ! ಒಣಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟುಕೊಂಡು ಕೂತರೆ, ಪಾಪ ಇವರಿಗೆ ತಲೆ ಸುತ್ತಿತೆಂದು ಯಾರೋ ನೀರು ತಂದುಕೊಟ್ಟರಂತೆ. ಅದನ್ನು ಕುಡಿದು, "ಈ ಬಂದಿಶಿನ ಗುರು ಯಾರು?" ಎಂದು ಕೇಳಿದರಂತೆ.

"ನಮ್ಮ ಮುತ್ತಜ್ಜ ಟೆನೆಸ್ಸೀಯಿಂದ ತಂದದ್ದು" ಎಂದನಂತೆ ಒಬ್ಬ ಮುದುಕ.

"ಸುಳ್ಳು! ನಮ್ಮಜ್ಜನಿಗೆ ಹೇಸರಗತ್ತೆ ಮಾರಿದವನು ಹೇಳಿಕೊಟ್ಟದ್ದು" ಎಂದನಂತೆ ಇನ್ನೊಬ್ಬ.

ಹೆಸರಾದರೂ ಒಂದೇ ಇತ್ತೇ? ಒಬ್ಬನಿಗೆ ಅದು 'ಕೆಸರಲ್ಲಿ ಗಾಡಿ', ಇನ್ನೊಬ್ಬನಿಗೆ 'ಅತ್ತೆಯ ಕೋಳಿ'!

ಮುಂದಿನ ವಾರ ನನ್ನನ್ನೂ ಎಳೆದುಕೊಂಡು ಹೋದ ಆಸ್ಟಿನ್ನಿನ ಡ್ಯಾನ್ಸ್ ಹಾಲೊಂದರಲ್ಲಿ ಅದೇ ಧಾಟಿ ಐದೇ ಸ್ವರಗಳಲ್ಲಿ ಸಿಕ್ಕಿತು. ಭಾವ ಕುಣಿಯುವವರ ನಡುವೆಯೇ ನಿಂತು ಕೂಗಿದರು: "ಭೂಪ್ ರಾಗ! ಮ, ನಿ ಎರಡೂ ಕೈಬಿಟ್ಟಾರ! ಯಾಕ ಬಿಟ್ಟಾರ ತಂಗಿ?"

"ಕುಣಿಯುವವರಿಗೆ ಅಷ್ಟು ಪುರಸೊತ್ತು ಎಲ್ಲಿ ಭಾವ?" ಎಂದೆ, ತಮಾಷೆಗೆ.

ಅದನ್ನು ಅವರು ಗಂಭೀರವಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೆಳಗೆ ವಿದ್ವಾಂಸರ ಹೆಸರು: ನನ್ನದು!

ಹೀಗೆ ಡಾಲಸ್ ಘರಾಣೆ, ಆಸ್ಟಿನ್ ಘರಾಣೆ ಸ್ಥಾಪನೆಯಾದವು. ಮೂಲ ಎಲ್ಲಿ? ಆ ಧಾಟಿಯ ಅತಿ ಹಳೆಯ ರೂಪ ಹೂಸ್ಟನ್ನಿನ ಫಿಡಲ್ ಅಜ್ಜರೊಬ್ಬರ ಹತ್ತಿರ ಇದೆ ಎಂದು ಕೊಟ್ಟಿಗೆಯ ಮುದುಕರು ಹೇಳಿದರು. ಆದರೆ ಅಜ್ಜರಿಗೆ ತೊಂಬತ್ತು ದಾಟಿದೆ. ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಗಿದೆ. ಮನೆಯಲ್ಲಿ ಬೇರೆ ಯಾರೂ ಕಲಿತಿಲ್ಲ.

"ಅಂವ ಹ್ವಾದ್ರ ಘರಾಣೇನ ಹೋತವಾ. ಈ ಶನಿವಾರನ ಹೋಗೂಣು" ಎಂದರು ಭಾವ.

ಕಾರು ನಾನೇ ಓಡಿಸಬೇಕು. ಭಾವ ಆಕ್ಸಿಲರೇಟರಿನ ಮೇಲೆ ತೀನ್‌ತಾಲ ಹಾಕುತ್ತಾರೆ. ತಾಳದ ಮೊದಲ ಪೆಟ್ಟು, ಸಮ್, ಬಿದ್ದಾಗಲೆಲ್ಲ ಹಿಂದಿನ ಸೀಟಿನ ಮೊಸರನ್ನದ ಡಬ್ಬಿ ಹಾರಿ ಬೀಳುತ್ತದೆ!

ವೃದ್ಧಾಶ್ರಮದ ಕಿಟಕಿಯ ಬಳಿ, ಗಾಲಿಕುರ್ಚಿಯಲ್ಲಿ ಅಜ್ಜ. ಅವರು ಗುನುಗುವುದು, ಭಾವ ನೆಲದ ಮೇಲೆ ಕೂತು ನುಡಿಸುವುದು, ಅಜ್ಜ "ನೋ ಸರ್" ಎನ್ನುವುದು. ಮೂರು ಶನಿವಾರ ಬರೀ "ನೋ ಸರ್"! ತೊಡಕೆಲ್ಲ ಗಾಂಧಾರದಲ್ಲಿ. ಅಜ್ಜನ ಗಾಂಧಾರ ಕೋಮಲವೂ ಅಲ್ಲ, ಶುದ್ಧವೂ ಅಲ್ಲ. ಒಳಗೂ ಬಾರದೆ ಹೊರಗೂ ಹೋಗದೆ ಹೊಸ್ತಿಲ ಮೇಲೆ ನಿಂತ ನೆಂಟನ ಹಾಗೆ.

"ಬೇಸೂರ್ ಅದ. ವಯಸ್ಸಾತು, ದನಿ ಜಾರತದ. ನಾ ತಿದ್ದಿ ಬಾರಿಸ್ತೀನಿ" ಎಂದು ಭಾವ ನನ್ನ ಕಿವಿಯಲ್ಲಿ ಹೇಳಿದರು.

"ಮೂರು ವಾರದಿಂದ ಒಂದೇ ಕಡೆ ಜಾರುತ್ತಾ ಭಾವ?"

ಅವರು ನನ್ನನ್ನು ನೋಡಿದರು. ಆಮೇಲೆ ಅಜ್ಜನ ಕಡೆ ತಿರುಗಿ, ಆ ಸ್ವರ ಅಲ್ಲಿಗೆ ಹೇಗೆ ಬಂತು ಎಂದು ಮೊದಲ ಸಲ ಕೇಳಿದರು.

"ನಮ್ಮಮ್ಮನಿಂದ ಕಲಿತದ್ದು. ಹಸು ಎಳೆದಾಗ ಹಗ್ಗಕ್ಕೆ ಸಿಕ್ಕಿ ಅವಳ ನಡುಬೆರಳು ಮುರಿಯಿತು, ಸೊಟ್ಟಗೇ ಕೂಡಿಕೊಂಡಿತು. ತಂತಿಯ ಮೇಲೆ ಅದು ಅಲ್ಲಿಯವರೆಗೇ ಹೋಗುತ್ತಿತ್ತು. ನನ್ನ ಬೆರಳು ನೆಟ್ಟಗಿತ್ತು. ಆದರೂ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ" ಎಂದರು ಅಜ್ಜ.

ದೇವರ ಆರತಿಯನ್ನೇ ತಡೆದ ನಮ್ಮ ಭಾವ ಏನು ಮಾಡಿದರು ಗೊತ್ತೇ? ತಮ್ಮ ನೆಟ್ಟಗಿನ ನಡುಬೆರಳನ್ನು ಗೆಣ್ಣಿನಲ್ಲಿ ಸೊಟ್ಟಗೆ ಮಡಚಿದರು. ಹಾಗೇ ತಂತಿಯ ಮೇಲೆ ಊರಿ ಇಡೀ ಧಾಟಿ ನುಡಿಸಿದರು.

ಅಜ್ಜ "ನೋ ಸರ್" ಅನ್ನಲಿಲ್ಲ. ಬಗ್ಗಿ, ಬಲಗೈ ಚಾಚಿ, ಭಾವನ ಆ ಮಡಚಿದ ಬೆರಳನ್ನು ಹಿಡಿದುಕೊಂಡರು. ಇನ್ನೊಮ್ಮೆ ನುಡಿಸಬೇಕಾದರೆ ಬೆರಳು ಬಿಡಬೇಕಲ್ಲ? ಅವರು ಬಿಡಲಿಲ್ಲ, ಇವರು ಬಿಡಿಸಿಕೊಳ್ಳಲಿಲ್ಲ.